ಮೀನಿಗೆ ನಿನ್ನೆಯಂಥ ನೀರೇ ಬೇಕು

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿಗೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಅಂಗಡಿಯಲ್ಲಿ ಖಾಲಿ ನಿಂತಾಗ ಅದರ ಗಾತ್ರ ಅಂದಾಜಿಗೆ ಸಿಗುವುದಿಲ್ಲ. ಮನೆಗೆ ತಂದು, ಮರಳು, ಕಲ್ಲು ಹಾಕಿ, ನೀರು ತುಂಬಿದ ಮೇಲೆ ಒಟ್ಟು ತೂಕ ಒಂದು ಟನ್ನಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೊಡಗಿನ ಹೋಂಸ್ಟೇ ಹಜಾರದಲ್ಲಿ ಇಂಥದ್ದೊಂದಿದ್ದರೆ ಬಂದವರ ಮಕ್ಕಳು ಅಬ್ಬಿ ಜಲಪಾತವನ್ನೂ ಮರೆತು ಅಲ್ಲೇ ಅಂಟಿಕೊಳ್ಳುತ್ತಾರೆ. ಕೊಳ್ಳುವ ದಿನ ಯಾರೂ ಕೇಳದ ಪ್ರಶ್ನೆ ಕೆಲವು ವಾರ ಕಳೆದ ಮೇಲೆ ಏಳುತ್ತದೆ: ಇಷ್ಟು ನೀರನ್ನು ಬದಲಾಯಿಸುವುದು ಹೇಗೆ?

ವಾರಕ್ಕೆ ಕಾಲುಭಾಗ ಎಂದರೂ 170 ಲೀಟರ್. ಇಪ್ಪತ್ತು ಲೀಟರಿನ ಬಕೆಟ್ಟಿನಲ್ಲಿ ಎಂಟೂವರೆ ಬಕೆಟ್ ಹೊರಗೆ, ಎಂಟೂವರೆ ಒಳಗೆ. ವರ್ಷಕ್ಕೆ ಒಂಬತ್ತು ಸಾವಿರ ಲೀಟರಿನ ಹತ್ತಿರ. ‘ಕೊಡಗಿನಲ್ಲಿ ನೀರಿಗೇನು ಬರವಾ?’ ಎಂದು ನಗುವವರಿದ್ದಾರೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಾಗ ಒಂಬತ್ತು ಸಾವಿರ ಲೀಟರು ಯಾವ ಲೆಕ್ಕ? ಅದೂ ಸರಿಯೇ. ನೀರಿನ ಪ್ರಮಾಣ ಇಲ್ಲಿ ತೊಡಕೇ ಅಲ್ಲ. ತೊಡಕಿರುವುದು ಅದರ ಗುಣದಲ್ಲಿ. ಒಂದೇ ಮನೆಯ ಒಂದೇ ನಲ್ಲಿಯಲ್ಲಿ ಕಕ್ಕಡದ ಜಡಿಮಳೆಯಲ್ಲಿ ಬರುವ ನೀರು ಬೇರೆ, ಕಾಫಿ ಹೂಮಳೆಗೆ ಕಾಯುವ ಮಾರ್ಚಿನಲ್ಲಿ ಬರುವ ನೀರೇ ಬೇರೆ. ಮೀನಿಗೆ ಬೇಕಿರುವುದೋ, ಫಳಫಳ ಹೊಳೆಯುವ ನೀರಲ್ಲ. ನಿನ್ನೆ ಇದ್ದಂಥದ್ದೇ ನೀರು.

ನೀರು ಬದಲಾಯಿಸುವುದೆಂದರೆ ತೊಟ್ಟಿ ತೊಳೆಯುವುದು ಎಂಬ ನಂಬಿಕೆ ಬಲವಾಗಿದೆ. ಕನ್ನಡಿಯಂತೆ ತಿಳಿಯಾಗಿರುವ ನೀರನ್ನು ಯಾಕಪ್ಪಾ ಚೆಲ್ಲಬೇಕು ಎಂಬ ಅನುಮಾನವೂ ಅಲ್ಲಿಂದಲೇ ಹುಟ್ಟುತ್ತದೆ. ಚೆಲ್ಲುತ್ತಿರುವುದು ಕಣ್ಣಿಗೆ ಕಾಣುವ ಕೊಳೆಯನ್ನಲ್ಲ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ದೊಡ್ಡ ಪಾಲು ಅದರ ಕಿವಿರಿನ ಮೂಲಕ ಅಮೋನಿಯ ಆಗಿ ನೀರಿಗಿಳಿಯುತ್ತದೆ. ಅಮೋನಿಯ ಮೀನಿಗೆ ವಿಷ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಘಾತುಕವಲ್ಲ, ಆದರೆ ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಗಿಡಗಳು ಸ್ವಲ್ಪ ಹೀರುತ್ತವೆ, ಉಳಿದದ್ದು ಶೇಖರವಾಗುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಉಕ್ರೇನಿನ ಕೀವ್‌ನಲ್ಲಿ ಹುಟ್ಟಿದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಜೂರಿಕ್‌ನಲ್ಲಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದು ಇದೇ ಬಗೆಯ ಬ್ಯಾಕ್ಟೀರಿಯಾಗಳನ್ನು. ತೋಟಕ್ಕೆ ಹಾಕಿದ ಯೂರಿಯಾವನ್ನು ಗಿಡಕ್ಕೆ ದಕ್ಕುವ ನೈಟ್ರೇಟ್ ಮಾಡುವವೂ ಅವೇ, ಹಾಗೆ ಮಾಡುತ್ತಾ ಮಾಡುತ್ತಾ ಮಣ್ಣನ್ನು ಹುಳಿ ಮಾಡುವವೂ ಅವೇ. ಅದಕ್ಕೇ ಅಲ್ಲವೇ ಮಣ್ಣು ಪರೀಕ್ಷೆ ಮಾಡಿಸಿ ಎಕರೆಗಿಷ್ಟು ಎಂದು ಸುಣ್ಣ ಚೆಲ್ಲಿಸುವುದು? ಹಜಾರದ ತೊಟ್ಟಿಯಲ್ಲೂ ನಡೆಯುವುದು ಅದೇ ರಸಾಯನ. ಒಂದು ಗ್ರಾಂ ಅಮೋನಿಯ-ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ನೀರಿನಲ್ಲಿರುವ ಏಳು ಗ್ರಾಮಿಗೂ ಹೆಚ್ಚು ಸುಣ್ಣಕಲ್ಲಿನಷ್ಟು ಕ್ಷಾರತೆ ಕರಗಿಹೋಗುತ್ತದೆ.

ಇದನ್ನು ನಮ್ಮ 680 ಲೀಟರಿಗೆ ಹೊಂದಿಸಿ ನೋಡೋಣ. ದಿನಕ್ಕೆ ಹತ್ತು ಗ್ರಾಂ ಆಹಾರ, ಅದರಲ್ಲಿ ಪ್ರೋಟೀನು ಶೇ 40. ಪ್ರೋಟೀನಿನಲ್ಲಿ ಸಾರಜನಕ ಶೇ 16ರಷ್ಟು. ಹಾಗಾದರೆ ದಿನಕ್ಕೆ 0.64 ಗ್ರಾಂ ಸಾರಜನಕ ತೊಟ್ಟಿಗೆ ಬಿತ್ತು. ಅರ್ಧ ಮೀನಿನ ಮೈಗೆ, ಗಿಡಕ್ಕೆ, ಕಸಕ್ಕೆ ಹೋಯಿತೆಂದು ಬಿಟ್ಟರೂ ಉಳಿದರ್ಧದಿಂದ ವಾರಕ್ಕೆ ಲೀಟರಿಗೆ 15 ಮಿಲಿಗ್ರಾಂನಷ್ಟು ನೈಟ್ರೇಟ್ ಏರುತ್ತದೆ. 23, 24 ಮಿಲಿಗ್ರಾಂ ಕ್ಷಾರತೆ ಇಳಿಯುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಇದೊಂದು ಗೀರೂ ಅಲ್ಲ. ಆದರೆ ಸುಣ್ಣವಿಲ್ಲದ ಕಲ್ಲು, ಜಂಬಿಟ್ಟಿಗೆ ಮಣ್ಣಿನ ಮೇಲೆ ಹಾದು ಬರುವ ಕೊಲ್ಲಿಯ, ಅಂದರೆ ಗುಡ್ಡದ ತೊರೆಯ, ನೀರು ತೀರಾ ಮೃದು. ಅದರ ಕ್ಷಾರತೆ ಲೀಟರಿಗೆ 30 ಮಿಲಿಗ್ರಾಂ ಇದ್ದರೆ, ನೀರನ್ನು ಮುಟ್ಟದೆ ಬಿಟ್ಟ ತೊಟ್ಟಿಯಲ್ಲಿ ಒಂಬತ್ತು ಹತ್ತು ದಿನಕ್ಕೆ ಅದು ಖಾಲಿ. ಅಲ್ಲಿಂದಾಚೆಗೆ ಪಿಎಚ್ ಹಿಡಿತವಿಲ್ಲದೆ ಇಳಿಯುತ್ತದೆ. ಬೆಂಗಳೂರಿನ ನೆಂಟರು ಫೋನಿನಲ್ಲಿ ಕೊಡುವ ಸಲಹೆ ಮಡಿಕೇರಿಯಲ್ಲಿ ಕೈಕೊಡುವುದು ಇದಕ್ಕೇ. ಅವರ ನೀರಿಗಿರುವ ತಾಳಿಕೆ ನಮ್ಮ ನೀರಿಗಿಲ್ಲ.

ಎಷ್ಟು ಬದಲಾಯಿಸಬೇಕು ಎಂಬುದಕ್ಕೂ ಲೆಕ್ಕವೊಂದಿದೆ, ಬಹಳ ಸುಲಭದ್ದು. ವಾರಕ್ಕೆ ಏರುವ ನೈಟ್ರೇಟ್ 15 ಎಂದಿಟ್ಟುಕೊಳ್ಳಿ. ವಾರವಾರ ಹತ್ತನೇ ಒಂದು ಪಾಲು ನೀರು ತೆಗೆಯುವವರ ತೊಟ್ಟಿಯಲ್ಲಿ ನೈಟ್ರೇಟ್ ಏರುತ್ತಾ ಹೋಗಿ ಕೊನೆಗೆ 150ಕ್ಕೆ ನಿಲ್ಲುತ್ತದೆ. ಕಾಲುಭಾಗ ತೆಗೆಯುವವರಲ್ಲಿ 60ಕ್ಕೆ, ಅರ್ಧ ತೆಗೆಯುವವರಲ್ಲಿ 30ಕ್ಕೆ. ತೆಗೆಯುವ ಪಾಲಿನಿಂದ ಏರಿಕೆಯನ್ನು ಭಾಗಿಸಿದರೆ ಮುಗಿಯಿತು. ಹತ್ತನೇ ಒಂದು ಪಾಲು ತೆಗೆದು ಕೈ ಒರೆಸಿಕೊಳ್ಳುವುದು ಸಮಾಧಾನಕ್ಕೆ ಮಾತ್ರ. ಅದಕ್ಕೇ ಕಾಲುಭಾಗಕ್ಕಿಂತ ಕಡಿಮೆ ಬೇಡ ಎನ್ನುವ ಪಕ್ಷ ನನ್ನದು. ಹಾಗೆಂದು ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ಭಾನುವಾರ ಮುಕ್ಕಾಲು ತೊಟ್ಟಿ ಬರಿದು ಮಾಡುವ ಉತ್ಸಾಹ ಇನ್ನೂ ಕೆಟ್ಟದ್ದು. ಬೇಸಿಗೆಯಲ್ಲಿ ಆವಿಯಾದಷ್ಟು ನೀರು ತುಂಬಿಸುವುದಂತೂ ಬದಲಾವಣೆಯ ಲೆಕ್ಕಕ್ಕೇ ಬರುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಅದರೊಳಗಿನದೆಲ್ಲ ಅಲ್ಲೇ ಉಳಿಯುತ್ತದೆ.

ನೀರು ಹಳೆಯದಾದಷ್ಟೂ ಒಳ್ಳೆಯದು ಎಂಬ ಕಾಲವೂ ಇತ್ತು. ಲಂಡನ್ನಿನ ರಸಾಯನ ತಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯ ಗಿಡ, ಬಸವನಹುಳುಗಳನ್ನು ಒಂದೇ ತೊಟ್ಟಿಯಲ್ಲಿಟ್ಟು ಕೆಮಿಕಲ್ ಸೊಸೈಟಿಯೆದುರು ಪ್ರಬಂಧ ಮಂಡಿಸಿದ. ಮೀನು ಬಿಟ್ಟದ್ದನ್ನು ಗಿಡ ಹೀರುತ್ತದೆ, ಕೊಳೆತದ್ದನ್ನು ಹುಳು ತಿನ್ನುತ್ತದೆ, ನೀರು ಬದಲಾಯಿಸುವ ಕೆಲಸವೇ ಇಲ್ಲ ಎಂಬುದು ಅದರ ತಿರುಳು. ಒಂದೆರಡು ಮೀನಿಗೆ ಈ ವಾದ ನಿಂತೀತು. ಕೈಯುದ್ದದ ಆಸ್ಕರ್ ಮೀನು ನಾಲ್ಕಿರುವ ತೊಟ್ಟಿಯಲ್ಲಿ ಗಿಡ ಉಳಿಯುವುದೇ ಇಲ್ಲ, ಬೇರುಸಮೇತ ಕಿತ್ತು ಎಸೆಯುತ್ತವೆ. ಆದರೂ ‘ಹಳೇ ನೀರಿಗೆ ಮೀನು ಒಗ್ಗಿಕೊಂಡಿದೆ, ಮುಟ್ಟಬೇಡಿ’ ಎನ್ನುವವರು ಇಂದಿಗೂ ಸಿಗುತ್ತಾರೆ. ಅವರ ಅನುಭವ ಸುಳ್ಳಲ್ಲ, ತೀರ್ಮಾನ ಮಾತ್ರ ತಲೆಕೆಳಗು.

ಅವರು ಕಂಡದ್ದು ಏನೆಂದರೆ: ಆರೇಳು ತಿಂಗಳು ನೀರು ಬದಲಾಯಿಸದ ತೊಟ್ಟಿ ಚೆನ್ನಾಗಿಯೇ ಇತ್ತು. ಯಾರೋ ಹೇಳಿದರೆಂದು ಅರ್ಧ ನೀರು ತೆಗೆದು ಬೋರ್‌ವೆಲ್ ನೀರು ತುಂಬಿಸಿದರು. ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲೆ ತೇಲುತ್ತಿದ್ದವು. ನಡೆದದ್ದು ಇಷ್ಟು. ಕ್ಷಾರತೆ ಮುಗಿದು ಪಿಎಚ್ 6ಕ್ಕೂ ಕೆಳಗಿಳಿದಾಗ ಆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಿ, ಬಹುಪಾಲು ನಿಂತೇಹೋಗುತ್ತದೆ. ಅಮೋನಿಯ ಕೂಡಿಬೀಳುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ಸಾಧು ರೂಪದಲ್ಲಿರುತ್ತದೆ. 25 ಡಿಗ್ರಿ ಉಷ್ಣತೆ, ಪಿಎಚ್ 6 ಇದ್ದಾಗ ಹತ್ತು ಸಾವಿರದಲ್ಲಿ ಆರು ಪಾಲು ಮಾತ್ರ ವಿಷಕಾರಿ ಅಮೋನಿಯ. ಪಿಎಚ್ 8 ಆದರೆ ನೂರರಲ್ಲಿ ಐದು ಪಾಲು. ಗಡಸು ನೀರು ಬಿದ್ದ ಕೂಡಲೇ ಪಿಎಚ್ ಮೇಲೇರಿತು, ಮಲಗಿದ್ದ ಅಮೋನಿಯ ಎದ್ದಿತು. ಮೀನು ಸತ್ತದ್ದು ಹೊಸ ನೀರಿನಿಂದಲ್ಲ, ಹಿಂದಿನ ಆರು ತಿಂಗಳಿನಿಂದ. ಹೀಗೆ ಕಡೆಗಣಿಸಿದ ತೊಟ್ಟಿ ನಿಮ್ಮ ಪಾಲಿಗೆ ಬಂದರೆ ಮೊದಲು ಆಹಾರ ನಿಲ್ಲಿಸಿ. ದಿನಕ್ಕೆ ಇಪ್ಪತ್ತನೇ ಒಂದು ಪಾಲಿನಂತೆ, ಅದರ ನೀರಿಗೆ ಆದಷ್ಟೂ ಹತ್ತಿರದ ಮೃದು ನೀರನ್ನೇ ಸೇರಿಸುತ್ತಾ ಎರಡು ಮೂರು ವಾರ ತೆಗೆದುಕೊಳ್ಳಿ. ಫಿಲ್ಟರಿನಲ್ಲಿ ಒಂದು ಹಿಡಿ ತೊಳೆದ ಚಿಪ್ಪಿಯನ್ನು ಬಲೆಚೀಲಕ್ಕೆ ಕಟ್ಟಿ ಇಟ್ಟರೆ ಮುಂದೆ ಕ್ಷಾರತೆ ಕುಸಿಯದಂತೆ ನಿಧಾನವಾಗಿ ಕರಗುತ್ತಿರುತ್ತದೆ. ಮಂಗಳೂರು ಕಡೆಯಿಂದ ಬರುವ ಚಿಪ್ಪಿ ಸಾಕು, ಇದಕ್ಕೆ ದುಬಾರಿ ಹವಳದ ಪುಡಿ ಬೇಕಿಲ್ಲ.

ಇನ್ನು ಒಳಬರುವ ನೀರು ಯಾವುದು? ಕೊಡಗಿನ ಮಟ್ಟಿಗೆ ಇದೇ ದೊಡ್ಡ ಕಥೆ.

ಎಸ್ಟೇಟ್ ಮನೆಗಳಲ್ಲಿ ಮೇಲಿನ ಕೊಲ್ಲಿಯಿಂದ ಪೈಪು ಎಳೆದು ಮೋಟರಿಲ್ಲದೆ ಇಳಿಸಿಕೊಂಡ ನೀರಿರುತ್ತದೆ. ನೋಡಲು ಇದಕ್ಕಿಂತ ಶುದ್ಧ ಇನ್ನಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಿದೆ. ಪೈಪಿನ ಬಾಯಲ್ಲಿ ಗಾಳಿಯೂ ನುಗ್ಗಿ, ನೂರಾರು ಅಡಿ ಇಳಿಜಾರಿನ ಒತ್ತಡಕ್ಕೆ ಸಿಕ್ಕಿ ನೀರಿನಲ್ಲಿ ಕರಗುತ್ತದೆ. ಆ ತಣ್ಣೀರು ಬೆಚ್ಚಗಿನ ತೊಟ್ಟಿಗೆ ನೇರ ಬಿದ್ದರೆ ಕರಗಿದ ಗಾಳಿ ಸಣ್ಣ ಗುಳ್ಳೆಯಾಗಿ ಗಾಜಿಗೆ, ಗಿಡಕ್ಕೆ, ಮೀನಿನ ರೆಕ್ಕೆಗೂ ಮುತ್ತುತ್ತದೆ. ಮುತ್ತಿನಂತೆ ಚೆನ್ನಾಗಿ ಕಾಣುತ್ತದಾದರೂ ರಕ್ತನಾಳದೊಳಗೇ ಗುಳ್ಳೆ ಎದ್ದರೆ ಮೀನು ಉಳಿಯದು. ಬಾವಿ, ಬೋರ್‌ವೆಲ್ ನೀರಿನದು ಇದಕ್ಕೆ ಉಲ್ಟಾ: ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ತೆಗೆದ ಗಳಿಗೆಯಲ್ಲಿ ಅಳೆದ ಪಿಎಚ್ ಮರುದಿನ ಅಳೆದರೆ ಮೇಲೇರಿರುತ್ತದೆ. ಎರಡಕ್ಕೂ ಮದ್ದು ಒಂದೇ. ಒಂದು ದಿನ ಡ್ರಮ್ಮಿನಲ್ಲಿ ತುಂಬಿಟ್ಟು, ಗಾಳಿಪಂಪಿನ ಕಲ್ಲು ಬಿಟ್ಟು ನೀರು ಕದಡುತ್ತಿರಬೇಕು.

ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಡಿಕೇರಿಗೆ ಬರುವ ಕೂಟುಹೊಳೆಯ ನೀರೇ ಆಗಲಿ, ಮನೆ ತಲುಪುವ ಮೊದಲು ಸೋಂಕು ನಿವಾರಣೆಯ ಹಂತ ದಾಟಿಯೇ ಬರಬೇಕು. ಮಳೆಗಾಲದಲ್ಲಿ ಊರಿನ ತೆರೆದ ಬಾವಿಗಳಿಗೂ ಬ್ಲೀಚಿಂಗ್ ಪೌಡರ್ ಬೀಳುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಎಂಬುದು ವಾಡಿಕೆಯ ಪ್ರಮಾಣ. ಮನುಷ್ಯರಿಗೆ ಇದು ರಕ್ಷೆ, ಕಿವಿರಿಗೆ ಸುಡುವ ನೀರು. ಬಾವಿಗೆ ಪೌಡರ್ ಬಿದ್ದದ್ದು ಮನೆಯವರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಒಂದು ದಿನ ಗಾಳಿಯಾಡಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ. ಪುರಸೊತ್ತಿಲ್ಲದವರಿಗೆ ಸೋಡಿಯಂ ಥಯೋಸಲ್ಫೇಟ್ ಇದೆ. ಹಿಂದೆ ಸ್ಟುಡಿಯೋದವರು ಫೋಟೋ ತೊಳೆಯಲು ಬಳಸುತ್ತಿದ್ದ ಹೈಪೋ ಅದೇ. 170 ಲೀಟರಿಗೆ ಒಂದು ಗ್ರಾಮಿನಷ್ಟು ಹಾಕಿದರೆ ಸಾಮಾನ್ಯ ನಲ್ಲಿ ನೀರಿಗೆ ಧಾರಾಳ.

ಕೊಡಗಿನವರೇ ಎಚ್ಚರ ವಹಿಸಬೇಕಾದ ಇನ್ನೊಂದು ವಿಷಯ ತಾಮ್ರ. ಮಳೆ ಶುರುವಾಗುವ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯದ ತೋಟ ಯಾವುದಿದೆ? ಶೇ 1ರ ದ್ರಾವಣವೆಂದರೆ ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತದ ಕಾಲುಭಾಗ ತಾಮ್ರ, ಅಂದರೆ ಲೀಟರಿಗೆ ಎರಡೂವರೆ ಗ್ರಾಂ. ದ್ರಾವಣ ಕಲಸಿದ ನೀಲಿ ಡ್ರಮ್ಮನ್ನು ಎರಡು ಸಲ ಜಾಲಾಡಿಸಿ ಮೀನಿನ ನೀರು ತುಂಬಿಟ್ಟರೆಂದುಕೊಳ್ಳಿ. ತಳದ ಅಂಚಿನಲ್ಲಿ ಎರಡು ಚಮಚದಷ್ಟು ದ್ರಾವಣ ಒಣಗಿ ಅಂಟಿಕೊಂಡಿದ್ದರೂ ಸಾಕು, 170 ಲೀಟರಿನಲ್ಲಿ ಲೀಟರಿಗೆ 0.15 ಮಿಲಿಗ್ರಾಂ ತಾಮ್ರ. ನೀರು ಮೃದುವಾದಷ್ಟೂ ತಾಮ್ರದ ವಿಷ ತೀಕ್ಷ್ಣ. ಸೀಗಡಿ, ಬಸವನಹುಳು ಮೊದಲು ಸಾಯುತ್ತವೆ, ಹಿಂದೆಯೇ ಮೀನು. ತೋಟದ ಡ್ರಮ್ಮು ತೋಟಕ್ಕೆ, ಮೀನಿನ ಡ್ರಮ್ಮು ಮೀನಿಗೆ. ಸ್ಪ್ರೇ ನಡೆಯುವ ವಾರ ಚಾವಣಿಯಿಂದ ಇಳಿದ ಮಳೆನೀರನ್ನೂ ಹಿಡಿಯಬೇಡಿ.

ತಾಮ್ರ ಬಚ್ಚಲಮನೆಯ ಹಂಡೆಯಲ್ಲೂ ಕೂತಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಮಡಿಕೇರಿಯಲ್ಲಿ ಮೇಲಿನ ಟ್ಯಾಂಕಿನ ನೀರು ಕೈ ಕೊರೆಯುವಷ್ಟು ತಣ್ಣಗಿರುತ್ತದೆ. ಹೀಟರಿನಿಂದ 26 ಡಿಗ್ರಿಯಲ್ಲಿರುವ ತೊಟ್ಟಿಗೆ 16 ಡಿಗ್ರಿಯ ನೀರು ಕಾಲುಭಾಗ ಸುರಿದರೆ ಒಟ್ಟು ಉಷ್ಣತೆ ಎರಡೂವರೆ ಡಿಗ್ರಿ ಕುಸಿಯುತ್ತದೆ. ಅದಾದ ವಾರದೊಳಗೆ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿಚುಕ್ಕೆ ರೋಗ ಕಾಣಿಸಿಕೊಂಡರೆ ಮೀನಿನಂಗಡಿಯವನನ್ನು ಬಯ್ಯಬೇಡಿ. ಬಿಸಿನೀರು ಬೆರೆಸಿ ಸರಿದೂಗಿಸುವುದು ಒಳ್ಳೆಯ ಉಪಾಯವೇ. ಆದರೆ ಹುಳಿಗುಣದ ಮೃದು ನೀರು ರಾತ್ರಿಯಿಡೀ ತಾಮ್ರದ ಹಂಡೆಯಲ್ಲಿ ಕಾದರೆ ತಾಮ್ರವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಳ್ಳುತ್ತದೆ. ಸ್ಟೀಲಿನ ಪಾತ್ರೆಯಲ್ಲಿ ಬೇರೆಯಾಗಿಯೇ ಕಾಯಿಸಿ.

ಬದಲಾಯಿಸುವ ಕೆಲಸಕ್ಕೆ ಕೊಡಗಿನ ಮನೆಗಳಷ್ಟು ಅನುಕೂಲ ಬಯಲುಸೀಮೆಯವರಿಗಿಲ್ಲ. ಮನೆ ದಿಣ್ಣೆಯ ಮೇಲೆ, ತೋಟ ಕೆಳಗೆ. ಪೈಪಿನ ಒಂದು ತುದಿ ತೊಟ್ಟಿಯಲ್ಲಿ, ಇನ್ನೊಂದು ಕಿಟಕಿ ದಾಟಿ ಅಂಗಳದಾಚೆ. ಬಾಯಿಂದ ಎಳೆಯುವ ಗೋಜು ಬೇಡ. ಪೈಪನ್ನು ಪೂರ್ತಿ ನೀರಲ್ಲಿ ಮುಳುಗಿಸಿ, ಗಾಳಿಯೆಲ್ಲ ಹೊರಟ ಮೇಲೆ ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಹೊರಗಿಳಿಸಿ ಬೆರಳು ತೆಗೆದರೆ ಹರಿಯತೊಡಗುತ್ತದೆ. ಅದಕ್ಕೂ ಮುಂಚೆ ಹೀಟರಿನ ಪ್ಲಗ್ಗು ಎಳೆದಿರಬೇಕು. ನೀರು ಇಳಿದು ಬರಿ ಗಾಳಿಯಲ್ಲಿ ನಿಂತ ಹೀಟರಿನ ಗಾಜು ಕಾದು ಸಿಡಿಯುತ್ತದೆ, ಕೈ ನೀರಲ್ಲಿದ್ದರೆ ಕರೆಂಟಿನ ಅಪಾಯ. ಪೈಪಿನ ಬಾಯನ್ನು ಮರಳಿನ ಮೇಲೆ ಹಗುರವಾಗಿ ಆಡಿಸುತ್ತಾ ಹೋದರೆ ಕಂದು ಮೋಡದಂತೆ ಎದ್ದ ಕಸ ಹೊಗೆಯೆಳೆದಂತೆ ಒಳಗೆ ಸೇರುತ್ತದೆ, ಮರಳಿನ ಹರಳು ಅರ್ಧ ಎದ್ದು ಮತ್ತೆ ಕೂರುತ್ತದೆ. ಎರಡು ಬಕೆಟ್ ಹಳೆ ನೀರನ್ನು ಬೇರೆ ಹಿಡಿದಿಟ್ಟು ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಹಿಂಡಬೇಕು. ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸತ್ತು ತೊಟ್ಟಿಯ ಆಯುಷ್ಯ ಮತ್ತೆ ಮೊದಲ ದಿನಕ್ಕೆ ಬರುತ್ತದೆ.

ಕಕ್ಕಡದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ನಮಗೆ ಮಾಮೂಲು. ಆಗ ಈ ಕೆಲಸಕ್ಕೆ ಇನ್ನೊಂದು ಅರ್ಥ ಬರುತ್ತದೆ. ಮುಚ್ಚಿದ ಡಬ್ಬಿಯಂಥ ಫಿಲ್ಟರಿನಲ್ಲಿ ನೀರು ನಿಂತ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿಯುತ್ತದೆ. ಕರೆಂಟು ಬಂದಾಗ ಹಾಗೆಯೇ ಚಾಲೂ ಮಾಡಿದರೆ ಒಳಗೆ ಕೊಳೆತದ್ದೆಲ್ಲ ತೊಟ್ಟಿಗೆ ಬರುತ್ತದೆ, ಮೊದಲು ಬಿಚ್ಚಿ ತೊಳೆಯಬೇಕು. ಕತ್ತಲೆಯ ದಿನಗಳಲ್ಲಿ ಆಹಾರ ಬೇಡ. ದೊಡ್ಡ ಮೀನು ವಾರ ಉಪವಾಸವಿದ್ದರೂ ಏನಾಗದು. ದಿನಕ್ಕೆರಡು ಸಲ ನಾಲ್ಕು ಬಕೆಟ್ ತೆಗೆದು, ಗಾಳಿಯಾಡಿದ ನೀರನ್ನು ಎತ್ತರದಿಂದ ಸುರಿದರೆ ಅದೇ ಅವುಗಳ ಉಸಿರು. ಬ್ಯಾಟರಿಯ ಗಾಳಿಪಂಪು ಇದ್ದರೆ ಇನ್ನೂ ಒಳ್ಳೆಯದು.

ಯಾವ ಮೀನು ಎಂಬ ಆಯ್ಕೆಯಲ್ಲೇ ಅರ್ಧ ಶ್ರಮ ಉಳಿಸಬಹುದು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರ ನೀರು ಬೇಕು. ಅವನ್ನು ಮಡಿಕೇರಿಯಲ್ಲಿ ಸಾಕುವುದೆಂದರೆ ನೀರಿನೊಂದಿಗೆ ವಾರವಾರ ಜಗಳ. ಅಮೆಜಾನಿನ ಟೆಟ್ರಾಗಳಿಗೆ ನಮ್ಮ ಮೃದು ನೀರೇ ಹಿತ. ಅಷ್ಟು ದೂರವಾದರೂ ಯಾಕೆ? ಕೊಡಗಿನಲ್ಲಿ ಹುಟ್ಟಿ ಸುಳ್ಯ ದಾಟಿ ಕಾಸರಗೋಡಿಗೆ ಹೋಗುವ ಪಯಸ್ವಿನಿಯಲ್ಲಿ, ಬ್ರಹ್ಮಗಿರಿಯಿಂದಿಳಿದು ಕಣ್ಣೂರಿಗೆ ಹರಿಯುವ ವಳಪಟ್ಟಣಂ ನದಿಯಲ್ಲಿ ಕೆಂಪು ಗೀಟಿನ ಡೆನಿಸನ್ ಬಾರ್ಬ್ ಇದೆ. ‘ಮಿಸ್ ಕೇರಳ’ ಎಂದು ಮಾರುವುದು ಇದನ್ನೇ. ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವಿವರಿಸಿ ಮದ್ರಾಸಿನ ಗವರ್ನರ್ ವಿಲಿಯಂ ಡೆನಿಸನ್‌ನ ಹೆಸರಿಟ್ಟ. ರಫ್ತಿಗೆಂದು ಹೊಳೆಯಿಂದ ಬಾಚಿ ಬಾಚಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ತಂಪಾದ, ಹರಿಯುವ, ಆಮ್ಲಜನಕ ತುಂಬಿದ ನೀರಿನ ಮೀನು ಇದು, ಹಳೆನೀರನ್ನು ಸಹಿಸದು. ಸಾಕುವುದಾದರೆ ಕೇಂದ್ರಗಳಲ್ಲಿ ಮರಿ ಮಾಡಿಸಿದ್ದನ್ನೇ ಕೇಳಿ ಕೊಳ್ಳಿ, ಹೊಳೆಗೆ ಬಲೆ ಹಾಕಬೇಡಿ.

ಹೊರಹೋದ ನೀರು ಗಿಡಕ್ಕೆ ಗೊಬ್ಬರ. ನೈಟ್ರೇಟ್ ಇರುವ ಆ 170 ಲೀಟರನ್ನು ಆಂಥೂರಿಯಂಗೋ ಕಿತ್ತಳೆ ಸಸಿಗೋ ಬಿಡಬಹುದು. ಉಪ್ಪು ಅಥವಾ ಔಷಧಿ ಹಾಕಿದ ವಾರದ ನೀರನ್ನು ಮಾತ್ರ ಬೇಡ. ಆದರೆ ತೊಟ್ಟಿಯ ಯಾವ ನೀರನ್ನೂ ಕೊಲ್ಲಿಗೆ, ತೋಡಿಗೆ ನೇರ ಬಿಡುವುದು ಸರಿಯಲ್ಲ ಎಂಬ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ಇಲ್ಲಿಯ ತೋಡುಗಳಲ್ಲಿ ಬಹಳಷ್ಟು ಕೊನೆಗೆ ಸೇರುವುದು ಕಾವೇರಿಯನ್ನು. ದೊಡ್ಡ ಮಾಹ್‌ಸೀರ್, ಬೆನ್ನು ಗೂನಿನ ಟಾರ್ ರೇಮಾದೇವಿ, 2018ರಲ್ಲಿ ಐಯುಸಿಎನ್‌ನ ಅತಿ ಗಂಭೀರ ಅಪಾಯದ ಪಟ್ಟಿ ಸೇರಿದ್ದು ಈ ನದಿಯ ಮೀನೇ. ಅದರ ಪಕ್ಕದಲ್ಲಿ ನಮ್ಮ ತೊಟ್ಟಿಯ ಸಕರ್ ಮೀನು, ಟಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಬಂದು ಸೇರುವುದು ಬೇಡ. ಪೈಪಿನ ಹೊರತುದಿಗೆ ನೈಲಾನ್ ಬಟ್ಟೆ ಕಟ್ಟಿ, ಸಿಕ್ಕಿಕೊಂಡ ಗಿಡದ ತುಂಡು, ಬಸವನಹುಳುವಿನ ಮೊಟ್ಟೆಯನ್ನು ಕಾಫಿ ಕಣದ ಸಿಮೆಂಟಿನ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎನ್ನುತ್ತೀರಾ, ಬಚ್ಚಲ ಒಲೆ ಇದೆಯಲ್ಲ. ಬೆಳೆದು ಜಾಗ ಸಾಲದ ಮೀನನ್ನು ಕೊಂಡ ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ದೊಡ್ಡ ತೊಟ್ಟಿಯಿರುವ ಪರಿಚಯದವರಿಗೆ.